ಇದ್ದ ತಿಜೋರಿಯಲ್ಲೇ ಇಮ್ಮಡಿ ಜಾಗ: ಕೈಯಾರೆ ಮಾಡಬಹುದಾದ 15 ಸೂತ್ರಗಳು

"ತಿಜೋರಿ ತುಂಬಿ ತುಳಕಾಕತ್ತೈತಿ, ಹೊತ್ತಿಗಿ ಸರಿಯಾಗಿ ಉಟಗೊಳ್ಳಾಕ ಒಂದ ಸೀರಿ ಸಿಗವಲ್ದು." ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಲಗ್ನದ ದಿನ ಬೆಳಿಗ್ಗೆ ಕೇಳಿಬರುವ ಮಾತಿದು. ಮದುವೆಯಲ್ಲಿ ಬಂದ ಕಬ್ಬಿಣದ ತಿಜೋರಿ ಇರುತ್ತದೆ, ಅಜ್ಜಿಯ ಕಾಲದ ಟ್ರಂಕು ಇರುತ್ತದೆ, ಗೋಡೆಯೊಳಗೆ ಕಡಪಾ ಕಲ್ಲು ಹಾಕಿದ ಕಪಾಟೂ ಇರುತ್ತದೆ. ಆದರೂ ಕುರ್ಚಿಯ ಮೇಲೆ ಅರಿವಿಯ ರಾಶಿ, ಮೂಲೆಯಲ್ಲಿ ಕೌದಿಗಳ ಒಟ್ಟಿಲು. ಕೊನೆಗೆ ಹೊಸ ತಿಜೋರಿಯ ಮಾತು ಬರುತ್ತದೆ. ಕಬ್ಬಿನ ಬಿಲ್ಲು ಬರಲಿ, ನೋಡೋಣ ಎಂದು ಅದು ಮುಂದಕ್ಕೆ ಹೋಗುತ್ತದೆ.

ಬಿಲ್ಲಿನ ದಾರಿ ಕಾಯಬೇಕಾಗಿಲ್ಲ. ಬಹುತೇಕ ಮನೆಗಳಲ್ಲಿ ಜಾಗ ಸಾಕಷ್ಟಿದೆ, ಆದರೆ ಅದಕ್ಕೆ ಪಾಲು ಆಗಿಲ್ಲ. ಬದು ಹಾಕದ ಹೊಲದಲ್ಲಿ ನೀರು ನಿಲ್ಲದ ಹಾಗೆ, ಪಾಲು ಮಾಡದ ತಿಜೋರಿಯಲ್ಲಿ ಅಚ್ಚುಕಟ್ಟು ನಿಲ್ಲುವುದಿಲ್ಲ. ಒಂದು ಟೇಪು, ಒಂದು ಗರಗಸ, ಒಂದಿಷ್ಟು ಸ್ಕ್ರೂ, ಹಳೆಯ ಸೀರೆ, ಬಡಿಗೇರ ಅಂಗಡಿಯಲ್ಲಿ ಉಳಿದ ಹಲಗೆ ತುಂಡು ಇದ್ದರೆ ಸಾಕು. ಹಗುರ ಕಟ್ಟಿಗೆಯಿಂದ ಬಣ್ಣದ ಹಣ್ಣು, ಕಾಯಿಪಲ್ಯೆಯ ಗೊಂಬೆ ಮಾಡಿ ಹೆಸರಾದ ಸೀಮೆ ಇದು. ಕೈಕೆಲಸಕ್ಕೆ ಹೆದರುವ ಕಾರಣವೇ ಇಲ್ಲ.

1. ನವರಾತ್ರಿಯ ಮುಂಚಿನ ವಾರ ಹಿಡಿಯಿರಿ

ನವರಾತ್ರಿಗೆ ಮೊದಲು ಮನೆಯ ಹಾಸಿಗೆ, ಹೊದಿಕೆ, ಕೌದಿಯನ್ನೆಲ್ಲ ಹೊಳೆಗೋ ಕಾಲುವೆಗೋ ಒಯ್ದು ತೊಳೆಯುವ ರೂಢಿ ನಮ್ಮ ಕಡೆ ಇದೆ. ಆಗ ಹೇಗೂ ಎಲ್ಲವೂ ಹೊರಗೆ ಬಂದಿರುತ್ತದೆ, ಮಳೆಯ ಹಸಿಯೂ ಕಡಿಮೆಯಾಗುತ್ತ ಬಂದಿರುತ್ತದೆ. ತಿಜೋರಿ ಕೆಲಸಕ್ಕೆ ಅದೇ ಮುಹೂರ್ತ.

ಪೂರ್ತಿ ಖಾಲಿ ಮಾಡಿ, ಚಾಪೆಯ ಮೇಲೆ ನಾಲ್ಕು ಗುಂಪು ಹಾಕಿ: ದಿನಾ ಉಡುವುದು, ಹಬ್ಬ-ಲಗ್ನದ್ದು, ಚಳಿ-ಮಳೆಗಾಲದ್ದು, ಇನ್ನು ಬೇಡವಾದದ್ದು. ನಾಲ್ಕನೆಯ ಗುಂಪು ಮತ್ತೆ ತಿಜೋರಿಯ ಮುಖ ನೋಡಬಾರದು. ಮೆತ್ತಗಿನ ಹತ್ತಿ ಸೀರೆ ಕೌದಿಗೆ ಹೋಗಲಿ. ಗಟ್ಟಿಯಾಗಿದ್ದು ಸಣ್ಣದಾದ ಮಕ್ಕಳ ಅಂಗಿ ಬೇಕಾದವರ ಮನೆಗೆ ಹೋಗಲಿ. ಹರಿದದ್ದು ಒರೆಸಲು ಉಳಿಯಲಿ. ಎಷ್ಟೋ ಮನೆಗಳಲ್ಲಿ ಈ ಒಂದೇ ಹೆಜ್ಜೆಗೆ ಒಂದು ಹಲಗೆಯಷ್ಟು ಜಾಗ ಬಿಡುವಾಗುತ್ತದೆ, ಅದೂ ಪೈಸೆ ಖರ್ಚಿಲ್ಲದೆ.

2. ಅಂಗಡಿಗೆ ಹೋಗುವ ಮುನ್ನ ಟೇಪು ಹಿಡಿಯಿರಿ

ಪೇಟೆಯಲ್ಲಿ ಸಿಗುವ ದೊಡ್ಡ ಕಬ್ಬಿಣದ ತಿಜೋರಿ ಸಾಮಾನ್ಯವಾಗಿ 78 ಇಂಚು ಎತ್ತರ, 36 ಇಂಚು ಅಗಲ, 19 ಇಂಚಿನ ಆಸುಪಾಸು ಆಳ ಇರುತ್ತದೆ. ನಿಮ್ಮದು ಎಷ್ಟಿದೆ ಎಂದು ನೀವೇ ಅಳೆಯಿರಿ. ಒಳಗಿನ ಅಗಲ, ಒಳಗಿನ ಆಳ, ಎರಡು ಹಲಗೆಗಳ ನಡುವಿನ ಎತ್ತರ, ಬಾಗಿಲು ಪೂರ್ತಿ ತೆರೆದಾಗ ಸಿಗುವ ಅಗಲ, ಈ ನಾಲ್ಕನ್ನೂ ಬೇರೆ ಬೇರೆ ಬರೆಯಬೇಕು. ಜೊತೆಗೆ ಅರಿವಿಯ ಒಟ್ಟಿಲಿನ ಮೇಲೆ ಎಷ್ಟು ಇಂಚು ಖಾಲಿ ಉಳಿದಿದೆ ಎಂಬುದನ್ನೂ ಗುರುತು ಮಾಡಿ. ಆ ಖಾಲಿ ಇಂಚುಗಳೇ ನಿಮಗೆ ಸಿಗಬೇಕಾದ ಹೊಸ ಜಾಗ.

ಚೀಟಿಯನ್ನು ಬಾಗಿಲಿನ ಒಳಬದಿಗೆ ಅಂಟಿಸಿ, ಅದರ ಒಂದು ಫೋಟೋ ಫೋನಿನಲ್ಲಿರಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ಅಂದಾಜಿನ ಮೇಲೆ ಸಾಮಾನು ಕೊಳ್ಳುವುದಕ್ಕಿಂತ ದೊಡ್ಡ ದಂಡ ಇನ್ನೊಂದಿಲ್ಲ.

3. ಕ್ಲಿಪ್ಪು ಕಿತ್ತು ಹಲಗೆ ಸರಿಸಿ

ತಿಜೋರಿಯ ಒಳಬದಿಯ ಎರಡೂ ಕಡೆ ನೋಡಿ. ಸಾಲಾಗಿ ಸಣ್ಣ ಸೀಳುಗಳಿದ್ದರೆ ಹಲಗೆ ಕೂತಿರುವುದು ಕ್ಲಿಪ್ಪಿನ ಮೇಲೆ, ಅದನ್ನು ಮೇಲೆ ಕೆಳಗೆ ಸರಿಸಬಹುದು. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೇ ಇಪ್ಪತ್ತು ವರ್ಷ ಬಿಟ್ಟ ಮನೆಗಳು ಬಹಳ ಇವೆ.

ದಿನಾ ಉಡುವ ಅರಿವಿಯ ಹಲಗೆ ಸೊಂಟದಿಂದ ಕಣ್ಣಿನ ಮಟ್ಟದೊಳಗೆ ಇರಲಿ. ಹಬ್ಬದ್ದು ಅದಕ್ಕಿಂತ ಮೇಲೆ, ದಪ್ಪ ಚಾದರ, ಕೌದಿ ಕೆಳಗೆ. ಮಡಚಿದ ಅಂಗಿ, ಚೂಡಿದಾರಕ್ಕೆ 9ರಿಂದ 10 ಇಂಚಿನ ಎತ್ತರ ಸಾಕು, ಹಾಸಿಗೆ ಹೊದಿಕೆಗೆ 14ರಿಂದ 16 ಇಂಚು ಬೇಕು. ಹೀಗೆ ಅಳತೆ ಬದಲಿಸಿದರೆ ಇದ್ದ ತಿಜೋರಿಯಲ್ಲೇ ಇನ್ನೊಂದು ಹಲಗೆ ಕೂಡಿಸುವಷ್ಟು ಎಡೆ ಸಿಗಬಹುದು.

4. ಕಾಲಿನ ಅರ್ಧ ಹಲಗೆ ಮಾಡಿ

ಹಲಗೆ ಸರಿಯದಿದ್ದರೆ, ಕಡಪಾ ಕಲ್ಲಿನ ಕಪಾಟಾಗಿದ್ದರೆ, ಇದೇ ಉಪಾಯ. ತೂತು ಹೊಡೆಯುವ ಕೆಲಸವಿಲ್ಲ, ಬೇಡವಾದಾಗ ಎತ್ತಿ ಹೊರಗಿಡಬಹುದು.

ಎರಡು ಹಲಗೆಗಳ ನಡುವೆ 15 ಇಂಚು ಎತ್ತರ ಇದೆ ಎನ್ನಿ. 12 ಎಂಎಂ ಪ್ಲೈವುಡ್‌ನಲ್ಲಿ 16 ಇಂಚು ಉದ್ದ, 14 ಇಂಚು ಆಳದ ಒಂದು ಹಲಗೆ ಕತ್ತರಿಸಿ. 14 ಇಂಚು ಅಗಲ, 7 ಇಂಚು ಎತ್ತರದ ಎರಡು ಕಾಲು ಕತ್ತರಿಸಿ. ಹಿಂಬದಿಗೆ 15 ಇಂಚು ಉದ್ದ, 2 ಇಂಚು ಅಗಲದ ಒಂದು ಪಟ್ಟಿ ಬೇಕು. ಕಾಲುಗಳ ಮೇಲೆ ಹಲಗೆ ಕೂಡಿಸಿ, ಫೆವಿಕಾಲ್ ಹಚ್ಚಿ, ಒಂದೊಂದು ಕಾಲಿಗೆ ಮೂರು ಸ್ಕ್ರೂ ಹಾಕಿ. ಸ್ಕ್ರೂ ಸಪೂರಾಗಿರಲಿ, ಒಂದೂಕಾಲು ಇಂಚು ಉದ್ದ ಇರಲಿ. ಪ್ಲೈವುಡ್‌ನ ಅಂಚಿಗೆ ನೇರವಾಗಿ ಸ್ಕ್ರೂ ತಿರುಗಿಸಿದರೆ ಪದರು ಸೀಳುತ್ತದೆ, ಮೊದಲು ಸಣ್ಣ ಬಿಟ್ಟಿನಿಂದ ತೂತು ಮಾಡಿಕೊಳ್ಳಿ. ಹಿಂಬದಿಯ ಪಟ್ಟಿಯನ್ನು ಎರಡು ಕಾಲುಗಳ ನಡುವೆ ಬಿಗಿದರೆ ಹಲಗೆ ಓಲಾಡುವುದು ನಿಲ್ಲುತ್ತದೆ. ಆಮೇಲೆ ಪಾಲಿಶ್ ಪೇಪರಿನಿಂದ ಅಂಚು ನುಣುಪು ಮಾಡಿ, ಬಣ್ಣ ಹಚ್ಚಿ. ಅಂಚು ಒರಟಾಗಿದ್ದರೆ ಸೀರೆಯ ಎಳೆ ಸಿಕ್ಕಿಕೊಳ್ಳುತ್ತದೆ.

ಇಂಥವು ಎರಡು ಮಾಡಿ ಪಕ್ಕಪಕ್ಕ ಇಡಿ. ಒಂದೇ ಉದ್ದ ಹಲಗೆ ಮಾಡಲು ಹೋಗಬೇಡಿ. ತಿಜೋರಿಯ ಬಾಗಿಲಿನ ಚೌಕಟ್ಟು ಒಳಗಿನ ಅಗಲಕ್ಕಿಂತ ತುಸು ಕಿರಿದು, ಉದ್ದ ಹಲಗೆ ಒಳಗೆ ಹೋಗುವಾಗ ಸಿಕ್ಕಿಬೀಳುತ್ತದೆ. ಎರಡು ತುಂಡಾದರೆ ಸಲೀಸು, ಸೀರೆಗೆ ಒಂದು, ಅಂಗಿಗೆ ಒಂದು ಎಂದು ಪಾಲೂ ತಾನಾಗಿಯೇ ಆಗುತ್ತದೆ.

5. ಬಾಗಿಲಿಗೂ ಕೆಲಸ ಕೊಡಿ

ಬಾಗಿಲಿನ ಒಳಬದಿ ಸುಮ್ಮನೆ ನಿಂತಿರುತ್ತದೆ. ಹಳೆಯ ಜೀನ್ಸ್ ಅಥವಾ ದಪ್ಪ ಬೆಡ್‌ಶೀಟಿನಿಂದ 15 ಇಂಚು ಅಗಲ, 40 ಇಂಚು ಉದ್ದದ ಬಟ್ಟೆ ಕತ್ತರಿಸಿ. ಅದರ ಮೇಲೆ 8 ಇಂಚು ಎತ್ತರದ ಪಟ್ಟಿಗಳನ್ನು ಕೂಡಿಸಿ, ಕೆಳಗೆ ಮತ್ತು ಎರಡು ಬದಿಗೆ ಹೊಲಿಗೆ ಹಾಕಿ, ನಡುವೆ ಒಂದು ಹೊಲಿಗೆ ಎಳೆದರೆ ಒಂದು ಪಟ್ಟಿಗೆ ಎರಡು ಕಿಸೆ. ಪಟ್ಟಿಯನ್ನು ಎರಡು ಇಂಚು ಹೆಚ್ಚಿಗೆ ಕತ್ತರಿಸಿ ನಿರಿಗೆ ಹಿಡಿದರೆ ಕಿಸೆಗೆ ಹೊಟ್ಟೆ ಬರುತ್ತದೆ. ಮೇಲಿನ ಅಂಚಿನಲ್ಲಿ ಒಂದು ಕೋಲು ತೂರಿಸಿ, ಆಯಸ್ಕಾಂತದ ಕೊಕ್ಕೆಗಳಿಂದ ನೇತು ಹಾಕಿ. ಕಬ್ಬಿಣದ ಬಾಗಿಲಾದ್ದರಿಂದ ತೂತು ಬೇಕಿಲ್ಲ.

ಕಿಸೆಯಲ್ಲಿ ಕುಪ್ಪಸ, ಕರವಸ್ತ್ರ, ಕಾಲುಚೀಲ, ಸೇಫ್ಟಿ ಪಿನ್ನಿನಂಥ ಹಗುರ ಸಾಮಾನು ಮಾತ್ರ ಇರಲಿ. ಹೊರೆ ಹೆಚ್ಚಾದರೆ ಬಾಗಿಲು ಜೋತು ಬೀಳುತ್ತದೆ, ಕೀಲಿ ಕೂಡುವುದಿಲ್ಲ. ಹೊಲಿಯುವ ಮುನ್ನ ಬಾಗಿಲು ಮುಚ್ಚಿದಾಗ ಹಲಗೆಗೂ ಬಾಗಿಲಿಗೂ ನಡುವೆ ಎಷ್ಟು ಎಡೆ ಉಳಿಯುತ್ತದೆ ಎಂದು ನೋಡಿಕೊಳ್ಳಿ.

6. ಆಳ ನೋಡಿ ಪೈಪು ಹಾಕಿ

ದೊಡ್ಡವರ ಹ್ಯಾಂಗರ್ 16ರಿಂದ 17 ಇಂಚು ಅಗಲ ಇರುತ್ತದೆ. ಗೋಡೆಯ ಕಪಾಟು 12-15 ಇಂಚು ಆಳವಿದ್ದರೆ ಅಡ್ಡಪೈಪು ಹಾಕಿ ಉಪಯೋಗವಿಲ್ಲ, ಅಂಗಿಯ ತೋಳು ಬಾಗಿಲಿಗೆ ಸಿಕ್ಕುತ್ತದೆ. ಅಲ್ಲಿ ಹಿಂದಿನಿಂದ ಮುಂದಕ್ಕೆ ಬರುವ ಹಾಗೆ ತುಂಡು ಪೈಪು ಬಿಗಿಯಿರಿ. ಹ್ಯಾಂಗರ್ ಒಂದರ ಮುಂದೊಂದು ನಿಲ್ಲುತ್ತವೆ.

ಪೈಪು ಮೂರು ಅಡಿ ದಾಟಿದರೆ ನಡುವೆ ಒಂದು ಆಧಾರ ಬೇಕೇ ಬೇಕು. ವಾಯರಿಂಗಿನ ಪ್ಲಾಸ್ಟಿಕ್ ಪೈಪು ಬಾಗುತ್ತದೆ, ಪಡದೆಯ ಸ್ಟೀಲ್ ಪೈಪು ಅಥವಾ ಜಿಐ ಪೈಪಿನ ತುಂಡು ಬಾಳುತ್ತದೆ. ಅಂಗಿ ತೂಗಲು 38ರಿಂದ 40 ಇಂಚು ಎತ್ತರ ಸಾಕು. ಅದಕ್ಕೂ ಕೆಳಗೆ ಜಾಗ ಉಳಿದರೆ ಎರಡು ಸರಪಳಿಯಿಂದ ಇನ್ನೊಂದು ಪೈಪು ಇಳಿಬಿಟ್ಟು ಮಕ್ಕಳ ಅರಿವಿ ತೂಗಿಸಿ.

7. ಗೋಡೆ ಯಾವುದೆಂದು ನೋಡಿ ತೂತು ಹೊಡೆಯಿರಿ

ಇಟ್ಟಂಗಿ ಗೋಡೆಗೆ 8 ಎಂಎಂ ಬಿಟ್ಟು, ಅದೇ ಅಳತೆಯ ಗಿಟ್ಟಿ ಸಾಕು. ತೂತು ಗಿಲಾವು ದಾಟಿ ಇಟ್ಟಂಗಿಯೊಳಗೆ ಎರಡು ಇಂಚಾದರೂ ಇಳಿಯಬೇಕು. ಬಿಟ್ಟಿಗೆ ಅಷ್ಟುದ್ದಕ್ಕೆ ಟೇಪು ಸುತ್ತಿಕೊಂಡರೆ ಅಂದಾಜು ತಪ್ಪುವುದಿಲ್ಲ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಎಂದೂ ಡ್ರಿಲ್ ಇಡಬೇಡಿ, ಅಲ್ಲಿ ವಾಯರು ಹಾದಿರುತ್ತದೆ.

ಮಣ್ಣಿನ ಗೋಡೆಯ ಮಾಳಿಗೆ ಮನೆಯಾದರೆ ಗಿಟ್ಟಿ ಹಿಡಿಯುವುದಿಲ್ಲ, ಭಾರ ಬಿದ್ದ ದಿನ ಗೋಡೆಯ ಹೆಂಟೆ ಸಮೇತ ಬರುತ್ತದೆ. ಆ ಮನೆಗಳಲ್ಲಿ ಭಾರವನ್ನು ತೊಲೆ, ಜಂತಿಗೆ ವಹಿಸಿ. ಜಂತಿಯಿಂದ ಎರಡು ಸರಪಳಿ ಇಳಿಬಿಟ್ಟು ಪೈಪು ತೂಗಿಸಿದರೆ ಗೋಡೆಗೆ ತೊಂದರೆಯಿಲ್ಲ. ಹುಳ ತಿಂದ ಜಂತಿಯನ್ನು ಮಾತ್ರ ನಂಬಬೇಡಿ.

ಬಾಡಿಗೆ ಮನೆ, ಹಾಸ್ಟೆಲ್ ಕೋಣೆಯಲ್ಲಿ ಮೊಳೆಗೆ ಅಪ್ಪಣೆ ಇರುವುದಿಲ್ಲ. ಅರಭಾವಿಯ ಕಿತ್ತೂರ ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜಿಗೋ ಗೋಕಾಕದ ಕಾಲೇಜಿಗೋ ಓದಲು ಬಂದು ಸಣ್ಣ ಕೋಣೆಯಲ್ಲಿ ಇರುವವರಿಗೆ ಮಂಚದ ಕೆಳಗಿನ ಜಾಗವೇ ಕಪಾಟು. ನೆಲದಿಂದ ಮಂಚದ ಪಟ್ಟಿಯವರೆಗೆ ಅಳೆದು, ಅದಕ್ಕಿಂತ ಎರಡು ಇಂಚು ಕಡಿಮೆ ಎತ್ತರದ ಪೆಟ್ಟಿಗೆಗೆ ನಾಲ್ಕು ಸಣ್ಣ ಗಾಲಿ ಹಾಕಿ. ಗಾಲಿಯ ಎತ್ತರವನ್ನೂ ಲೆಕ್ಕದಲ್ಲಿ ಹಿಡಿಯಿರಿ. ಕೋರ್ಸು ಮುಗಿದ ಮೇಲೆ ಅದೇ ಪೆಟ್ಟಿಗೆ ಊರಿಗೂ ಬರುತ್ತದೆ.

8. ಎಲ್ಲ ಮಡಿಕೆಗೂ ಒಂದೇ ಅಳತೆ

9 ಇಂಚು ಅಗಲ, 12 ಇಂಚು ಉದ್ದದ ದಪ್ಪ ರಟ್ಟು ಕತ್ತರಿಸಿ ತಿಜೋರಿಯಲ್ಲೇ ಇಡಿ. ಅಂಗಿಯನ್ನು ಬೋರಲು ಹಾಕಿ, ಬೆನ್ನಿನ ಮೇಲೆ ರಟ್ಟು ಇಟ್ಟು, ಎರಡೂ ಬದಿ ಒಳಗೆ ಮಡಚಿ, ಕೆಳಗಿನಿಂದ ಮೇಲಕ್ಕೆ ತಂದು, ರಟ್ಟು ಎಳೆದುಕೊಳ್ಳಿ. ಎಲ್ಲ ಅಂಗಿಯೂ ಒಂದೇ ಅಳತೆಗೆ ಬಂದರೆ ಒಟ್ಟಿಲು ವಾಲುವುದಿಲ್ಲ.

ಒಂದು ಒಟ್ಟಿಲಿಗೆ ಆರಕ್ಕಿಂತ ಹೆಚ್ಚು ಬೇಡ. ಮಕ್ಕಳ ಅರಿವಿಯನ್ನು ಡಬ್ಬಿಯಲ್ಲಿ ಪುಸ್ತಕದ ಹಾಗೆ ನಿಲ್ಲಿಸಿಟ್ಟರೆ ಯಾವುದು ಬೇಕೋ ಅದನ್ನಷ್ಟೇ ತೆಗೆಯಬಹುದು, ಉಳಿದದ್ದು ಕೆಡುವುದಿಲ್ಲ. ಹತ್ತು ವರ್ಷದ ಮಗುವೂ ಈ ರಟ್ಟಿನ ಮಡಿಕೆ ಒಂದೇ ಸಂಜೆಯಲ್ಲಿ ಕಲಿಯುತ್ತದೆ.

9. ರಟ್ಟಿನ ಬಾಕ್ಸನ್ನು ಡ್ರಾಯರ್ ಮಾಡಿ

ಕಿರಾಣಿ ಅಂಗಡಿಯ ಗಟ್ಟಿ ರಟ್ಟಿನ ಬಾಕ್ಸು ತನ್ನಿ. ಮುಂಬದಿಯನ್ನು ಅರ್ಧಕ್ಕೆ ಕತ್ತರಿಸಿ, ತಳಕ್ಕೆ ಇನ್ನೊಂದು ಪದರು ರಟ್ಟು ಹಾಕಿ, ಹೊರಗೆ ಹಳೆಯ ಸೀರೆಯ ಬಟ್ಟೆ ಅಂಟಿಸಿ. ಮುಂದೆ ಒಂದು ದಾರದ ಹಿಡಿಕೆ ಕೂಡಿಸಿದರೆ ಎಳೆದು ತೆಗೆಯುವ ಡ್ರಾಯರ್ ಆಯಿತು.

ಅಂಟಿಗೆ ಹಿಟ್ಟಿನ ಸರಿ ಬಳಸಬೇಡಿ. ಅದರ ಗಂಜಿಗೇ ನುಸಿ, ಜಿರಲೆ ಬರುತ್ತವೆ. ಇನ್ನೊಂದು ಎಚ್ಚರ: ಔಷಧ ಹೊಡೆಯುವ ಕ್ರಿಮಿನಾಶಕದ ಬಾಕ್ಸು, ಡಬ್ಬಿ, ರಸಗೊಬ್ಬರದ ಚೀಲ ಎಷ್ಟೇ ಗಟ್ಟಿಯಾಗಿದ್ದರೂ ಅರಿವಿಗೆ ಬೇಡ. ವಿಷದ ಅಂಶ ಮೈಗೆ ತಾಗುತ್ತದೆ, ಗೊಬ್ಬರದ ಪುಡಿ ಹಸಿ ಎಳೆದುಕೊಂಡು ಕಬ್ಬಿಣಕ್ಕೆ ಜಂಗು ಹಿಡಿಸುತ್ತದೆ.

ಬಾಕ್ಸಿನ ಮೇಲೆ ಹೆಸರು ಬರೆಯಿರಿ. ಓದು ಬಾರದ ಹಿರಿಯರು ಮನೆಯಲ್ಲಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ ಕಟ್ಟಿ. ಅಜ್ಜಿ ಯಾರನ್ನೂ ಕರೆಯದೆ ತನ್ನ ಸೀರೆ ತಾನೇ ತೆಗೆದುಕೊಳ್ಳುವಂತಾಗಬೇಕು.

10. ಇಳಕಲ್ಲ ಸೀರೆಗೆ ಉಸಿರಾಡಲು ಬಿಡಿ

ನಮ್ಮ ತಿಜೋರಿಗಳ ಒಡವೆ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ. ಸಂಪ್ರದಾಯದ ಇಳಕಲ್ಲ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡಕ್ಕೂ ಗಾಳಿ ಬೇಕು. ಅಂಗಡಿಯ ಪ್ಲಾಸ್ಟಿಕ್ ಚೀಲ ಅಂದೇ ತೆಗೆದುಹಾಕಿ. ಒಗೆದು ಮೆತ್ತಗಾದ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಡಿ.

ಲಗ್ನದಿಂದ ಬಂದ ಸೀರೆಯನ್ನು ಬೆವರಿನ ಹಸಿಯಲ್ಲೇ ಮಡಚಬೇಡಿ, ನೆರಳಲ್ಲಿ ಗಾಳಿಗೆ ಹಾಕಿ ಆರಿಸಿ. ಮೂರು-ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಇದ್ದರೆ ರೇಷ್ಮೆ ಅಲ್ಲೇ ಸೀಳುತ್ತದೆ. ಜರಿಯ ಮೇಲೆ ಸೆಂಟು ಸಿಂಪಡಿಸಬೇಡಿ, ಡಾಂಬರು ಗುಳಿಗೆ ತಾಗಿಸಬೇಡಿ. ಭಾರದ ಜರಿ ಸೀರೆಯನ್ನು ಹ್ಯಾಂಗರಿಗೆ ಹಾಕುವುದೂ ಬೇಡ, ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ.

11. ಹಸಿಯನ್ನು ಮೊದಲು ಓಡಿಸಿ, ನುಸಿ ತಾನೇ ಹೋಗುತ್ತದೆ

ತಿಜೋರಿಯನ್ನು ಗೋಡೆಗೆ ಒತ್ತಿ ಇಡಬೇಡಿ. ಮೂರು ಇಂಚು ಎಡೆ ಬಿಟ್ಟರೆ ಹಿಂದೆ ಗಾಳಿ ಆಡುತ್ತದೆ. ಮಳೆಗಾಲದಲ್ಲಿ ಅರಿವಿ ಪೂರ್ತಿ ಒಣಗದೆ ಒಳಗೆ ಹೋಗಬಾರದು. ಇಸ್ತ್ರಿ ಮಾಡಿದ್ದನ್ನು ಆರಿದ ಮೇಲೆ ಇಡಿ, ಬಿಸಿಯಲ್ಲಿ ಹಬೆ ಇರುತ್ತದೆ. ಇದ್ದಿಲನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಮೂಲೆಯಲ್ಲಿಡಿ. ಬಿಸಿಲು ಬಿದ್ದ ದಿನ ಬಾಗಿಲು ತೆರೆದಿಡಿ.

ಬೇವಿನ ಎಲೆಯನ್ನು ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ ಹಲಗೆಗೊಂದು ಇಡಿ. ಹಸಿ ಎಲೆ ಇಟ್ಟರೆ ಕಲೆಯೂ ಬೂಸರವೂ ಬರುತ್ತದೆ. ಬಜೆ ಬೇರಿನ ತುಂಡು, ಲವಂಗ ಕೂಡ ಸೇರಿಸಬಹುದು. ಎರಡು-ಮೂರು ತಿಂಗಳಿಗೆ ಹೊಸದು ಹಾಕಿ.

ಡಾಂಬರು ಗುಳಿಗೆಯ ಬಗ್ಗೆ ಒಂದು ಮಾತು ಕಡ್ಡಾಯ. ಬಾಣಂತಿ, ಕೂಸು ಇರುವ ಮನೆಯಲ್ಲಿ ಕೂಸಿನ ಅಂಗಿ, ಕುಂಚಿಗೆ, ದುಪಟಿ, ಕೌದಿಯ ಜೊತೆ ಆ ಗುಳಿಗೆ ಇರಲೇಬಾರದು. ಹುಟ್ಟಿನಿಂದಲೇ ರಕ್ತಕಣದ ಒಂದು ಕೊರತೆ ಇರುವ ಕೂಸುಗಳಿಗೆ ಆ ವಾಸನೆಯಿಂದ ರಕ್ತಕಣ ಒಡೆದು ಕಾಮಾಲೆ ಜೋರಾಗಬಹುದು. ಯಾವ ಕೂಸಿಗೆ ಆ ಕೊರತೆ ಇದೆ ಎಂದು ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಬೇವು ಸಾಕು.

12. ಹೊಳೆಸಾಲಿನ ಮನೆಗೆ ಕೆಳಹಲಗೆಯ ನಿಯಮ

2019ರ ಆಗಸ್ಟಿನಲ್ಲಿ ಘಟಪ್ರಭಾ ಉಕ್ಕಿ ಗೋಕಾಕ ನಗರದೊಳಗೇ ನೀರು ನುಗ್ಗಿತು, ಹೊಳೆಸಾಲಿನ ಹಳ್ಳಿಗಳು ಮುಳುಗಿದವು. 2021ರ ಜುಲೈನಲ್ಲೂ ಹೊಳೆ ಊರೊಳಗೆ ಬಂತು. ಹಿರಣ್ಯಕೇಶಿ, ಮಾರ್ಕಂಡೇಯ ಎರಡೂ ಘಟಪ್ರಭಾಕ್ಕೇ ಸೇರುವುದರಿಂದ, ಪಶ್ಚಿಮದ ಘಟ್ಟದಲ್ಲಿ ಮಳೆ ಜೋರಾಗಿ ಹಿಡಕಲ್ ಜಲಾಶಯದಿಂದ ನೀರು ಬಿಟ್ಟಾಗ ನಮ್ಮಲ್ಲಿ ಹನಿ ಬೀಳದಿದ್ದರೂ ಹೊಳೆ ಏರಬಹುದು.

ಆದ್ದರಿಂದ ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೆಳಗಿನ ಹಲಗೆಯಲ್ಲಿ ನೆನೆದರೂ ತೊಳೆದು ಬಳಸಬಹುದಾದ ಚಾದರ, ಕೌದಿ ಮಾತ್ರ ಇರಲಿ. ರೇಷ್ಮೆ ಮೇಲಕ್ಕೆ. ಹೊಲದ ಉತಾರ, ಖರೀದಿ ಪತ್ರ, ಪಡಿತರ ಚೀಟಿ, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಸೀರೆಯ ಮಡಿಕೆಯೊಳಗೆ ಇರುವುದು ಬೇಡ. ಅವೆಲ್ಲ ಜಿಪ್ಪಿನ ಪ್ಲಾಸ್ಟಿಕ್ ಚೀಲದಲ್ಲಿ, ಆ ಚೀಲ ಹಿಡಿಕೆಯಿರುವ ಒಂದು ಕೈಚೀಲದಲ್ಲಿ, ಕೈಚೀಲ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ. ಅದರಲ್ಲೇ ಒಬ್ಬೊಬ್ಬರಿಗೆ ಒಂದು ಜೊತೆ ಅರಿವಿಯೂ ಇರಲಿ. ಡಂಗುರ ಸಾರಿದ ರಾತ್ರಿ ಹುಡುಕುವ ಹೊತ್ತು ಇರುವುದಿಲ್ಲ.

ಇಂಥ ಮನೆಗಳಿಗೆ ಪಾರ್ಟಿಕಲ್ ಬೋರ್ಡಿನ ಕಪಾಟು ಕೊಳ್ಳಬೇಡಿ, ಒಮ್ಮೆ ನೀರು ಕುಡಿದು ಉಬ್ಬಿದರೆ ಮುಗಿಯಿತು. ಕಬ್ಬಿಣದ ತಿಜೋರಿಯನ್ನು ತೊಳೆದು, ಒಣಗಿಸಿ, ಬಣ್ಣ ಹಚ್ಚಿ ಉಳಿಸಿಕೊಳ್ಳಬಹುದು.

13. ಜಂಗು ಕೆರೆಯಿರಿ, ಓಲಾಟ ನಿಲ್ಲಿಸಿ

ಜಂಗು ಹಿಡಿದ ತಿಜೋರಿಯನ್ನು ಗುಜರಿಗೆ ಹಾಕುವ ಮುನ್ನ ಒಂದು ರವಿವಾರ ಅದಕ್ಕೆ ಕೊಡಿ. ತಂತಿ ಬ್ರಷ್ಷಿನಿಂದ ಸಡಿಲ ಜಂಗು ಕೆರೆದು, ಪಾಲಿಶ್ ಪೇಪರ್ ಉಜ್ಜಿ, ಒಣಬಟ್ಟೆಯಿಂದ ಒರೆಸಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ. ಅದು ಒಣಗಿದ ಮೇಲೆ ಎನಾಮೆಲ್ ಬಣ್ಣ ಎರಡು ಕೈ. ಜಂಗಿನ ಮೇಲೆಯೇ ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಹೊಪ್ಪಳೆ ಏಳುತ್ತದೆ. ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ಸೀರೆ ಒಳಗಿಡಬೇಡಿ.

ಬಾಗಿಲು ಸರಿಯಾಗಿ ಕೂಡದಿದ್ದರೆ ಕೀಲಿಯನ್ನು ದೂರುವ ಮುನ್ನ ನೆಲ ನೋಡಿ. ಫರ್ಸಿ ನೆಲ ಏರುತಗ್ಗಿದ್ದರೆ ತಿಜೋರಿ ಸೊಟ್ಟ ನಿಂತು ಬಾಗಿಲು ಹೊಂದುವುದಿಲ್ಲ. ಕೆಳಬಿದ್ದ ಮೂಲೆಗೆ ತೆಳು ಚಕ್ಕೆ ಕೊಟ್ಟರೆ ಎಷ್ಟೋ ಬಾಗಿಲು ಅಲ್ಲೇ ಸರಿಹೋಗುತ್ತವೆ. ಭಾರದ ಸಾಮಾನು ಕೆಳಗೆ, ಹಗುರದ್ದು ಮೇಲೆ ಇರಲಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ತಿಜೋರಿಯ ನೆತ್ತಿಯನ್ನು, ಹಿಂದಿನ ಎಡೆ ದಾಟುವಷ್ಟು ಉದ್ದದ ಎಲ್ ಕ್ಲಾಂಪಿನಿಂದ ಗೋಡೆಗೆ ಬಿಗಿಯಿರಿ. ಮಕ್ಕಳು ಹಲಗೆಯನ್ನು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ, ಖಾಲಿ ತಿಜೋರಿಯೂ ಮುಂದಕ್ಕೆ ಮಗುಚಬಲ್ಲದು.

14. ದುಡ್ಡನ್ನು ಸರದಿಯಲ್ಲಿ ಬಿಚ್ಚಿ

ಮೊದಲು ಖರ್ಚಿಲ್ಲದ ಕೆಲಸ: ಖಾಲಿ ಮಾಡುವುದು, ಅಳೆಯುವುದು, ಹಲಗೆ ಸರಿಸುವುದು, ಮಡಿಕೆ ತಿದ್ದುವುದು. ಆಮೇಲೆ ಮನೆಯಲ್ಲೇ ಇರುವ ಸೀರೆ, ರಟ್ಟಿನ ಕೆಲಸ. ಇಷ್ಟು ಮುಗಿಸಿ ಹದಿನೈದು ದಿನ ಬಳಸಿ ನೋಡಿ. ಆಗಲೂ ಸಾಲದಿದ್ದರೆ ಪ್ಲೈವುಡ್, ಪೈಪು, ಬಣ್ಣ. ಪ್ಲಾಸ್ಟಿಕ್ ಡಬ್ಬಿಗಳ ಸೆಟ್ಟನ್ನು ಮೊದಲೇ ತಂದವರು ಆ ಡಬ್ಬಿಗೂ ಜಾಗ ಹುಡುಕಬೇಕಾಗುತ್ತದೆ.

ಉಳಿತಾಯ ಹಲಗೆಯಲ್ಲಿ ಮಾಡಿ, ಸ್ಕ್ರೂ, ಬ್ರಾಕೆಟ್ಟು, ಪ್ರೈಮರಿನಲ್ಲಿ ಬೇಡ. ಭಾರ ಹೊರುವುದು ಅವೇ. ಹೊಸ ಪ್ಲೈವುಡ್ ಕೊಳ್ಳುವುದಾದರೆ ಅದರ ಮೇಲಿನ ಮುದ್ರೆ ಓದಿ: ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಗೆ, ಐಎಸ್ 710 ಎಂದಿದ್ದರೆ ಹಸಿ ತಡೆಯುವಂಥದ್ದು. ತಿಜೋರಿಯೊಳಗಿನ ಅರ್ಧ ಹಲಗೆಗೆ ಮೊದಲನೆಯದೇ ಸಾಕು. ಅಳತೆಯ ಚೀಟಿ ಕೊಟ್ಟು ಅಂಗಡಿಯಲ್ಲೇ ಕತ್ತರಿಸಿ ತನ್ನಿ, ಮಷಿನ್ನಿನ ಕೊಯ್ತ ನೇರ ಬರುತ್ತದೆ. ಡ್ರಿಲ್ ಮಷಿನ್ ಕೊಳ್ಳುವುದು ಬೇಡ, ಓಣಿಯಲ್ಲಿ ಯಾರಾದರೂ ಒಬ್ಬರ ಬಳಿ ಇದ್ದೇ ಇರುತ್ತದೆ. ಕೇಳಿ ತನ್ನಿ, ಒರೆಸಿ ಹಿಂದಿರುಗಿಸಿ.

15. ಒಬ್ಬರ ತಲೆಯ ಮೇಲೆ ಎಲ್ಲ ಭಾರ ಹಾಕಬೇಡಿ

ಎಷ್ಟು ಚಂದದ ಹಲಗೆ ಮಾಡಿದರೂ ಮಡಚಿಡುವುದು ಮನೆಯ ಹೆಣ್ಣುಮಗಳೊಬ್ಬಳ ಕೆಲಸವಾದರೆ ತಿಂಗಳೊಳಗೆ ಮೊದಲಿನ ಸ್ಥಿತಿಯೇ. ಮನೆಯ ಪ್ರತಿಯೊಬ್ಬರಿಗೂ ಒಂದು ಪಾಲು ಹಂಚಿ, ಆ ಪಾಲಿನ ಅಚ್ಚುಕಟ್ಟು ಅವರದೇ. ಮಕ್ಕಳ ಪಾಲು ಅವರ ಕೈಗೆ ಎಟುಕುವ ಮಟ್ಟದಲ್ಲಿರಲಿ. ಗಂಡಸರು ತಮ್ಮ ಅಂಗಿ, ಧೋತರ, ಟವೆಲ್ಲು ತಾವೇ ಮಡಚಲಿ. ಹೊಸದೊಂದು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಲಿ. ರವಿವಾರ ಹತ್ತು ನಿಮಿಷ ಎಲ್ಲರೂ ತಮ್ಮ ಹಲಗೆಯ ಮುಂದೆ ನಿಂತರೆ ವಾರವಿಡೀ ಹುಡುಕಾಟ ಇಲ್ಲ.

ಹದಿನೈದನ್ನೂ ಒಂದೇ ದಿನ ಮಾಡಲು ಹೊರಡಬೇಡಿ. ಈ ರವಿವಾರ ಒಂದೇ ಒಂದು ಹಲಗೆ ಖಾಲಿ ಮಾಡಿ, ಅಳೆಯಿರಿ, ಬೇಡವಾದದ್ದು ತೆಗೆಯಿರಿ, ಉಳಿದದ್ದನ್ನು ಒಂದೇ ಅಳತೆಗೆ ಮಡಚಿಡಿ. ಮುಂದಿನ ರವಿವಾರ ಎರಡನೆಯ ಹಲಗೆ. ಹೊಳೆಸಾಲಿನಲ್ಲಿ ಮನೆ ಇದ್ದವರು ಮಾತ್ರ ಹನ್ನೆರಡನೆಯ ಸೂತ್ರದಿಂದಲೇ ಶುರು ಮಾಡಿ, ಅದೂ ಮಳೆಗಾಲಕ್ಕೆ ಮೊದಲೇ. ಕಬ್ಬಿನ ಬಿಲ್ಲು ಬಂದಾಗ ಆ ದುಡ್ಡು ಮಕ್ಕಳ ಫೀಸಿಗೋ ಹೊಲದ ಪೈಪ್‌ಲೈನಿಗೋ ಆಗಲಿ. ಹೊಸ ತಿಜೋರಿಯ ಅಗತ್ಯ ನಿಮಗೆ ಬೀಳುವುದಿಲ್ಲ.